ಗಾನಚಿಕಿತ್ಸೆಯೂ ಬಸರಾಳಿನ ರಾವಣನೂ

ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿರುವ ಮಲ್ಲಿಕಾರ್ಜುನ ದೇವಾಲಯವು ಹೊಯ್ಸಳ ಇಮ್ಮಡಿ ನರಸಿಂಹನ ಆಳಿಕೆಯಲ್ಲಿ, ಕ್ರಿ. ಶ. 1234ರ ಸುಮಾರಿಗೆ, ಹರಿಹರ ದಣ್ಣಾಯಕನಿಂದ ನಿರ್ಮಿತವಾಯಿತೆಂಬುದು ವಾಚಕರಲ್ಲಿ ಅನೇಕರಿಗೆ ವಿದಿತವೇ ಆಗಿದೆ. ಅದರ ಶಿಲ್ಪಗಳಲ್ಲಿ ಕೈಲಾಸವನ್ನೆತ್ತುತ್ತಿರುವ ರಾವಣನ ವಿಗ್ರಹವೂ ಒಂದು. ಇಂತಹ ಶಿಲ್ಪವನ್ನು ಕಂಡವರು ರಾವಣನ ಬಾಹುಬಲವನ್ನು ಹೊಗಳಿ ಮುಂದೆ ಸಾಗುವುದು ವಾಡಿಕೆ. ಕಥೆಯ ಉತ್ತರಾರ್ಧವಾದರೋ ಬೇರೆ: ಬೆಟ್ಟದ ಅಡಿಗೆ ಸಿಕ್ಕಿ ನರಳಿದ ರಾವಣನು ಸಾಮಗಾನದಿಂದ ಶಿವನನ್ನು ಒಲಿಸಿಕೊಂಡು ಬಿಡುಗಡೆ ಪಡೆದನು. ಬಾಧೆಗೊಳಗಾದವನೇ ಇಲ್ಲಿ ಹಾಡಿದವನು. ಪುರಾಣವನ್ನು ವೈದ್ಯಕ್ಕೆ ಪ್ರಮಾಣವೆಂದು ಹೇಳುವ ಸಾಹಸಕ್ಕೆ ನಾವು ಕೈಹಾಕುವುದಿಲ್ಲ. ಆದರೆ ಆ ಕಥೆಯಲ್ಲಿರುವ ಒಂದು ವಿವೇಕವು ನಮ್ಮ ಗಾನಚಿಕಿತ್ಸೆಯ ಹೊತ್ತಗೆಗಳಲ್ಲಿ ಕಾಣದಿರುವುದು ವಿಚಾರಾರ್ಹವಾಗಿದೆ.

ಈ ಹೊತ್ತಗೆಗಳ ಕ್ರಮವೆಲ್ಲವೂ ಬಹುಮಟ್ಟಿಗೆ ಒಂದೇ. ಎಡಗಡೆ ರೋಗದ ಹೆಸರು, ಬಲಗಡೆ ರಾಗದ ಹೆಸರು: ರಕ್ತದೊತ್ತಡಕ್ಕೆ ಆನಂದಭೈರವಿ, ನಿದ್ರಾಹೀನತೆಗೆ ನೀಲಾಂಬರಿ. ಅಂಗಡಿಯ ಮಾತ್ರೆಯಂತೆ ರಾಗವನ್ನು ಕಿವಿಗೆ ಹಾಕಿದರೆ ರೋಗವು ಹೊರಟುಹೋಗುವುದೆಂಬುದು ಇದರ ಧ್ವನಿ. ಕೇಳುವವನು ಯಾರು, ಅವನು ಯಾವ ಹಾಡುಗಳ ನಡುವೆ ಬೆಳೆದನು, ಎಂಬ ಪ್ರಶ್ನೆಗೆ ಪಟ್ಟಿಯಲ್ಲಿ ಸ್ಥಳವೇ ಇಲ್ಲ. ನೀಲಾಂಬರಿಯ ಲಾಲಿಯನ್ನು ಕೇಳುತ್ತ ತೊಟ್ಟಿಲಲ್ಲಿ ಮಲಗಿದವನಿಗೆ ಆ ರಾಗದಿಂದ ನಿದ್ರೆ ಬಂದೀತು. ಆ ಸಂಸ್ಕಾರವೇ ಇಲ್ಲದವನಿಗೂ ಬರಬೇಕೆಂಬ ನಿಯಮವೇನು?

ಪಟ್ಟಿಕಾರರು ಮುತ್ತುಸ್ವಾಮಿ ದೀಕ್ಷಿತರ (1775–1835) ಐತಿಹ್ಯವನ್ನು ಸಾಕ್ಷಿಗೆ ತರುತ್ತಾರೆ. ಶಿಷ್ಯನಾದ ಮದ್ದಳೆಯ ತಂಬಿಯಪ್ಪನ ಹೊಟ್ಟೆನೋವಿಗಾಗಿ ದೀಕ್ಷಿತರು ಬೃಹಸ್ಪತಿಯ ಮೇಲೆ ಅಠಾಣರಾಗದ ಕೃತಿಯನ್ನು ರಚಿಸಿದರಂತೆ, ನೋವು ನಿಂತಿತಂತೆ. ಆದುದರಿಂದ ಅಠಾಣವು ಹೊಟ್ಟೆನೋವಿಗೆ ಔಷಧಿ! ಐತಿಹ್ಯವನ್ನು ಪೂರ್ತಿಯಾಗಿ ಓದಿದರೆ ಬೇರೆಯೇ ಅರ್ಥ ಹೊರಡುತ್ತದೆ. ವೈದಿಕ ಮಂತ್ರಜಪಕ್ಕೆ ಅಧಿಕಾರವಿಲ್ಲದ ಶಿಷ್ಯನಿಗೆ ಜಪದ ಸ್ಥಾನದಲ್ಲಿ ಕೀರ್ತನೆಯನ್ನು ಕಲಿಸಿ, ಅವನೇ ದಿನದಿನವೂ ಹಾಡುವಂತೆ ಗುರುಗಳು ವಿಧಿಸಿದರು ಎಂಬುದೇ ಅದರ ಸಾರ. ಗುರುವಿನ ಆದರ, ಶಿಷ್ಯನ ಶ್ರದ್ಧೆ, ನಿತ್ಯದ ಅಭ್ಯಾಸ, ಇವಿಷ್ಟನ್ನೂ ಬಿಟ್ಟು ರಾಗವೊಂದನ್ನೇ ಹಿಡಿದುಕೊಂಡವರನ್ನು ಏನೆನ್ನೋಣ!

ಬಸರಾಳಿನ ಗುಡಿ ಎದ್ದ ಕಾಲದಲ್ಲಿಯೇ, ಹೊಯ್ಸಳರ ಪ್ರತಿಸ್ಪರ್ಧಿಯಾದ ಸೇವುಣ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರವನ್ನು ರಚಿಸಿದನು. ದೇಹೋತ್ಪತ್ತಿಯನ್ನು ವಿವರಿಸಿದ ಮೇಲೆಯೇ ಅವನು ಸ್ವರಗಳ ವಿಚಾರಕ್ಕೆ ಬರುತ್ತಾನೆ. ಗೀತದ ಮಹಿಮೆಯನ್ನು ಹೇಳುವಲ್ಲಿ, ವಿಷಯಸುಖದ ರುಚಿಯನ್ನರಿಯದೆ ತೊಟ್ಟಿಲಲ್ಲಿ ಅಳುವ ಕೂಸು ಹಾಡಿನಿಂದ ಹರ್ಷಗೊಳ್ಳುವುದನ್ನು ನಿದರ್ಶನವಾಗಿ ಕೊಡುತ್ತಾನೆ. ಸಂಗೀತದ ಪ್ರಯೋಜನಕ್ಕೆ ಪಾಂಡಿತ್ಯವು ಅರ್ಹತೆಯಲ್ಲವೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಯಾರಿಗೆ ಪ್ರಯೋಜನ? ಪರೀಕ್ಷಿಸಿ ನೋಡಿದವರ ಮಾತನ್ನು ಕೇಳಬೇಕು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1944ರಲ್ಲಿ ಈ ವಿದ್ಯೆಯ ಪದವಿಶಿಕ್ಷಣವು ಮೊದಲಾಯಿತು. 1973ರಲ್ಲಿ ಬಾಸ್ಟನ್ನಿನ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಎಂಬವರು, ಪಕ್ಷವಾತದಿಂದ ಮಾತು ಬಿದ್ದುಹೋದವರಿಗೆ ನುಡಿಯನ್ನು ರಾಗವಾಗಿ ಎಳೆದು ಹೇಳಿಸುವ ಕ್ರಮವನ್ನು ಪ್ರಕಟಿಸಿದರು. ಮಾತನಾಡಲಾರದವರಲ್ಲಿ ಕೆಲವರು ಹಾಡಬಲ್ಲರೆಂಬ ಹಳೆಯ ಅನುಭವವೇ ಅದಕ್ಕೆ ಆಧಾರ. ಥಾಟ್ ಎಂಬ ವಿದ್ವಾಂಸನ ತಂಡವು 1996ರಲ್ಲಿ ಪಾರ್ಕಿನ್‌ಸನ್ ರೋಗಿಗಳನ್ನು ಮೂರು ವಾರಗಳ ಕಾಲ ತಾಳಕ್ಕೆ ತಕ್ಕಂತೆ ನಡೆಸಲು, ನಡಿಗೆಯ ವೇಗವು ಶೇಕಡಾ 25ರಷ್ಟು ಹೆಚ್ಚಿತು. ಇವೆರಡರಲ್ಲಿಯೂ ಬಾಯಿ ಅಥವಾ ಕಾಲು ದುಡಿಯಲೇಬೇಕು.

ಕೇವಲ ಶ್ರವಣದಿಂದ ಫಲವಿಲ್ಲವೆಂದರೆ ಅತಿವ್ಯಾಪ್ತಿಯಾದೀತು. 2008ರಲ್ಲಿ ಫಿನ್ಲೆಂಡಿನ ಸಾರ್ಕಮೊ ಮತ್ತು ಸಂಗಡಿಗರು ಪ್ರಕಟಿಸಿದ ಪರೀಕ್ಷೆಯಲ್ಲಿ, ಮೆದುಳಿನ ಆಘಾತಕ್ಕೊಳಗಾಗಿ ದಿನವೂ ಸಂಗೀತ ಕೇಳಿದವರ ನುಡಿಯ ನೆನಪೂ ಏಕಾಗ್ರತೆಯೂ ಇತರರಿಗಿಂತ ಚೆನ್ನಾಗಿ ಮರಳಿದವು. ಗಮನಿಸಬೇಕಾದುದೇನೆಂದರೆ, ಸಂಗೀತವನ್ನು ಆರಿಸಿದವರು ರೋಗಿಗಳೇ. ಇನ್ನು ಆಟಿಸಂ ಇರುವ 364 ಮಕ್ಕಳ ಮೇಲೆ ಒಂಬತ್ತು ದೇಶಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮುಖ್ಯ ಲಕ್ಷಣಗಳ ತೀವ್ರತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಟ್ಟು ತಾಯ್ತಂದೆಗಳಲ್ಲಿ ಆಸೆ ಹುಟ್ಟಿಸಿ ಹಣ ಕೀಳುವುದು ಅನ್ಯಾಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸಂಗೀತ ಮತ್ತು ಮೆದುಳಿನ ಸಂಬಂಧವನ್ನು ಕುರಿತು ಸಂಶೋಧನೆ ನಡೆದಿರುವುದು ಸಂತೋಷದ ಸಂಗತಿ. ನಮ್ಮ ಗ್ರಂಥಕರ್ತರು ಪಟ್ಟಿಗಳನ್ನು ನಕಲುಮಾಡುವುದಕ್ಕೆ ಬದಲಾಗಿ ಆ ಕಡೆಗೆ ನೋಡಬಹುದು.

ಮತ್ತೆ ಬಸರಾಳಿಗೆ ಬರೋಣ. ಅಲ್ಲಿಯ ಮುದುಕಿಯೊಬ್ಬಳಿಗೆ ಪಕ್ಷವಾತವಾಗಿ ಮಾತು ನಿಂತಿತೆಂದು ಊಹಿಸಿಕೊಳ್ಳಿರಿ. ಅವಳು ಆರಿಸಿಕೊಳ್ಳುವ ಹಾಡು ಆನಂದಭೈರವಿಯ ಕೀರ್ತನೆಯಾಗಿರಲಾರದು. ಬೀಸುವ ಕಲ್ಲಿನ ಮುಂದೆ ಹಾಡಿದ ಪದ, ಮದುವೆಯ ಸೋಬಾನೆ, ಕಂಸಾಳೆಯ ತಾಳದೊಡನೆ ದೇವರಗುಡ್ಡರು ಹಾಡಿದ ಮಾದೇಶ್ವರನ ಕಥೆ, ನೀಲಗಾರರ ತಂಬೂರಿಯೊಡನೆ ಬಂದ ಮಂಟೇಸ್ವಾಮಿಯ ಪದ, ಇವುಗಳಲ್ಲಿ ಯಾವುದೋ ಒಂದು ಅವಳ ನಾಲಗೆಯನ್ನು ಎಳೆದೀತು. ಪಕ್ಕದಲ್ಲಿ ಕುಳಿತು ಮೊದಲ ಸೊಲ್ಲನ್ನೆತ್ತಿಕೊಡಬಲ್ಲ ಸೊಸೆಯೋ ಮೊಮ್ಮಗಳೋ ಬೇಕು. ಆದರೆ ಜನಪದಗೀತೆಗಳ ನಮ್ಮ ಸಂಕಲನಗಳು ಬಹುಮಟ್ಟಿಗೆ ಪದಗಳನ್ನು ಮಾತ್ರ ಅಚ್ಚುಹಾಕಿ ಮಟ್ಟುಗಳನ್ನು ಕೈಬಿಟ್ಟಿವೆ. ಬೀಸುವ ಕಲ್ಲು ಗಿರಣಿಗೆ ಸೋತ ಮೇಲೆ ಆ ಮಟ್ಟುಗಳನ್ನು ಬಲ್ಲವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಪದಗಳನ್ನು ಓದಿ ಹೇಳಿದರೆ ಆ ಮುದುಕಿಗೆ ಉಪಯೋಗವಾಗದು. ಅವಳಿಗೆ ಬೇಕಾಗಿರುವುದು ಮಟ್ಟು.