ಅಪರಾಧದ ಉಪಯೋಗ: ಪ್ರಕಾರ್ಯವಾದಕ್ಕೆ ಕಾಶಿಯ ಒರೆಗಲ್ಲು

ವಿಧವೆ, ಗೂಳಿ, ಮೆಟ್ಟಿಲು, ಸಂನ್ಯಾಸಿ ಈ ನಾಲ್ಕರಿಂದ ಪಾರಾದವನಿಗೇ ಕಾಶೀವಾಸ ಎಂಬ ಅರ್ಥದ ಗಾದೆಯೊಂದು ವಾರಾಣಸಿಯಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಅಲ್ಲಿ ವಿಧವೆಗೆ ಸಲ್ಲುವ ‘ರಾಂಡ್’ ಎಂಬ ಶಬ್ದವು ಕನ್ನಡದ ‘ರಂಡೆ’ಗೆ ಒಡಹುಟ್ಟಿದುದು. ಎರಡು ಭಾಷೆಗಳಲ್ಲಿಯೂ ಗಂಡನನ್ನು ಕಳೆದುಕೊಂಡವಳ ಹೆಸರೇ ಶೀಲಗೆಟ್ಟವಳ ಬೈಗುಳಕ್ಕೂ ಮೂಲವಾಗಿದೆ. ಯಾವ ತಪ್ಪನ್ನೂ ಮಾಡದವಳನ್ನು ಭಾಷೆಯೇ ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸುವಾಗ, ತಪ್ಪೆಂಬುದು ಮಾಡಿದವರ ಗುಣವೋ ನೋಡುವವರ ಅಗತ್ಯವೋ ಎಂಬ ಸಂದೇಹವು ಏಳುತ್ತದೆ. ಈ ಸಂದೇಹವನ್ನು ಶಾಸ್ತ್ರವಾಗಿ ಬೆಳೆಸಿದವರು ಪ್ರಕಾರ್ಯವಾದಿಗಳು. ದೇಹದಲ್ಲಿ ಅವಯವವಿರುವಂತೆ ಸಮಾಜದಲ್ಲಿ ಪ್ರತಿಯೊಂದು ಸಂಸ್ಥೆಯೂ ಇಡಿಯ ಬಾಳಿಕೆಗಾಗಿ ಏನಾದರೊಂದು ಕಾರ್ಯವನ್ನು ನೆರವೇರಿಸುತ್ತದೆ ಎಂಬುದು ಅವರ ಸಿದ್ಧಾಂತ. ಅಪರಾಧಕ್ಕೂ ಅವರು ಅಂತಹದೊಂದು ಕಾರ್ಯವನ್ನು ಗೊತ್ತುಮಾಡಿದರು.

ಈ ವಾದದ ಮೂಲಪುರುಷನು ಫ್ರಾನ್ಸಿನ ಎಮಿಲ್ ದುರ್ಖೈಮ್. 1895ರಲ್ಲಿ ಪ್ರಕಟವಾದ ಸಮಾಜಶಾಸ್ತ್ರೀಯ ವಿಧಾನದ ನಿಯಮಗಳನ್ನು ಕುರಿತ ಗ್ರಂಥದಲ್ಲಿ, ಅಪರಾಧವು ಸಮಾಜದ ರೋಗವಲ್ಲ, ಆರೋಗ್ಯವಂತ ಸಮಾಜದ ಸಹಜಾಂಶವೇ ಎಂದು ಆತನು ಸಾಧಿಸಿದನು. ಸಂತರೇ ತುಂಬಿದ ಮಠವೊಂದನ್ನು ಕಲ್ಪಿಸಿಕೊಂಡರೂ, ಲೌಕಿಕರ ಲಕ್ಷ್ಯಕ್ಕೆ ಬಾರದ ಅಲ್ಪದೋಷಗಳೇ ಅಲ್ಲಿ ಮಹಾಪರಾಧಗಳಾಗುತ್ತವೆ ಎಂಬುದು ಆತನ ದೃಷ್ಟಾಂತ. ತಪ್ಪಿದವನನ್ನು ದಂಡಿಸುವಾಗ ಉಳಿದವರ ಸಮಷ್ಟಿಪ್ರಜ್ಞೆಯು ಬಲಗೊಳ್ಳುತ್ತದೆ, ಧರ್ಮದ ಎಲ್ಲೆಯು ಮತ್ತೊಮ್ಮೆ ಸ್ಪಷ್ಟವಾಗುತ್ತದೆ. ಕೆಲವೊಮ್ಮೆ ಸಾಕ್ರಟೀಸನ ಅಪರಾಧದಂತೆ ಇಂದಿನ ಉಲ್ಲಂಘನೆಯು ನಾಳಿನ ನೀತಿಗೆ ದಾರಿಮಾಡಿಕೊಡುತ್ತದೆ.

ಅಮೆರಿಕೆಯಲ್ಲಿ ಈ ಬೀಜವು ಎರಡು ಕವಲಾಗಿ ಒಡೆಯಿತು. 1937ರಲ್ಲಿ ಕಿಂಗ್ಸ್ಲಿ ಡೇವಿಸ್ ವೇಶ್ಯಾವೃತ್ತಿಯನ್ನು ಕುರಿತು ಬರೆಯುತ್ತ, ಕುಟುಂಬದ ಪಾವಿತ್ರ್ಯವನ್ನು ಕಾಯುವ ನೀತಿಯೇ ಕುಟುಂಬದ ಹೊರಗಿನ ಈ ವೃತ್ತಿಯನ್ನೂ ಪೋಷಿಸುತ್ತದೆ ಎಂದನು. 1938ರಲ್ಲಿ ರಾಬರ್ಟ್ ಮರ್ಟನ್, ಸಮಾಜವು ಎಲ್ಲರ ಮುಂದೆಯೂ ಒಂದೇ ಗುರಿಯನ್ನಿಟ್ಟು, ಅದನ್ನು ಮುಟ್ಟುವ ನ್ಯಾಯಮಾರ್ಗವನ್ನು ಮಾತ್ರ ಕೆಲವರಿಗೇ ತೆರೆದಾಗ ಹುಟ್ಟುವ ಬಿಗಿತವೇ ನಿಯಮರಾಹಿತ್ಯಕ್ಕೂ ವಿಚಲನೆಗೂ ಕಾರಣವೆಂದನು. ಗುರಿಯನ್ನು ಬಿಡದೆ ಅಡ್ಡದಾರಿಯನ್ನು ಹಿಡಿಯುವುದಕ್ಕೆ ಆತನು ಕೊಟ್ಟ ಹೆಸರು ನವಮಾರ್ಗ.

ಈ ಸಿದ್ಧಾಂತಗಳನ್ನು ಒರೆಹಚ್ಚಲು ಕಾಶಿಯ ಪರಿಸರದಲ್ಲಿಯೇ ಹುಟ್ಟಿದ ಸಾಹಿತ್ಯವು ಸಾಕು. ಊರಿಗೆ ಸಮೀಪದ ಲಮಹಿಯವರಾದ ಪ್ರೇಮಚಂದರ ‘ಸೇವಾಸದನ’ವು ಮೊದಲ ಮಹಾಯುದ್ಧವು ಮುಗಿದ ಹೊತ್ತಿಗೆ ಹಿಂದಿಯಲ್ಲಿ ಹೊರಬಂದಿತು. 1938ರಲ್ಲಿ ಅದೇ ಕಥೆಯು ತಮಿಳಿನಲ್ಲಿ ಚಲನಚಿತ್ರವಾಗಿ, ಎಂ. ಎಸ್. ಸುಬ್ಬುಲಕ್ಷ್ಮಿಯವರ ಅಭಿನಯದಿಂದ ದಕ್ಷಿಣದವರಿಗೂ ಪರಿಚಿತವಾಯಿತು. ಕಥೆಯ ಆರಂಭದಲ್ಲಿಯೇ ಪ್ರಾಮಾಣಿಕನಾದ ದರೋಗ ಕೃಷ್ಣಚಂದ್ರನಿದ್ದಾನೆ. ಮಗಳು ಸುಮನಳ ಮದುವೆಗೆ ವರದಕ್ಷಿಣೆ ಬೇಕು, ಸಂಬಳದಲ್ಲಿ ಅದು ಹುಟ್ಟದು. ಕೊಲೆಯೊಂದನ್ನು ಮುಚ್ಚಿಹಾಕಲು ಮಹಂತನೊಬ್ಬನಿಂದ ಲಂಚವನ್ನು ತೆಗೆದುಕೊಂಡು ಆತನು ಸೆರೆಮನೆಗೆ ಹೋಗುತ್ತಾನೆ. ಮರ್ಟನನ ನವಮಾರ್ಗಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆಯನ್ನು ಹುಡುಕುವುದು ಕಷ್ಟ. ಲಂಚದ ಬೇರು ದರೋಗನ ಲೋಭದಲ್ಲಿಲ್ಲ, ಮಗಳ ತಂದೆಯಾದವನಿಗೆ ಸಮಾಜವು ವಿಧಿಸಿದ ಕರ್ತವ್ಯದಲ್ಲಿದೆ. ಈ ಮಟ್ಟಿಗೆ ಪ್ರಕಾರ್ಯವಾದವು ಗೆದ್ದಿತೆಂದೇ ಹೇಳಬೇಕು.

ದುರ್ಖೈಮನ ಎಲ್ಲೆಯ ಮಾತಿಗೂ ಕಾದಂಬರಿಯು ಸಾಕ್ಷಿ ನುಡಿಯುತ್ತದೆ. ನಗರಸಭೆಗೆ ಆರಿಸಿಬಂದ ಸಂತೋಷಕ್ಕೆ ವಕೀಲ ಪದ್ಮಸಿಂಹನು ಮನೆಯಲ್ಲಿ ವೇಶ್ಯೆ ಭೋಲಿಯ ಸಂಗೀತವನ್ನು ಏರ್ಪಡಿಸುತ್ತಾನೆ. ಅದನ್ನು ಕೇಳಿ ತಡವಾಗಿ ಹಿಂದಿರುಗಿದ ಸುಮನಳನ್ನು ಗಂಡ ಗಜಾಧರನು ಹೊರಗೆ ಹಾಕುತ್ತಾನೆ. ಕೊನೆಗೆ ಆಕೆಗೆ ನೆರಳು ದೊರೆಯುವುದು ಆ ಭೋಲಿಯ ಮನೆಯಲ್ಲಿಯೇ. ಮುಂದೆ ವೇಶ್ಯೆಯರನ್ನು ಊರ ನಡುವಿನಿಂದ ಹೊರಕ್ಕೆ ಸಾಗಿಸಬೇಕೆಂಬ ಸೂಚನೆಯನ್ನು ಎತ್ತಿಹಿಡಿಯುವವನೂ ಅದೇ ವಕೀಲನು. ಪಶ್ಚಾತ್ತಾಪವು ಪ್ರಾಮಾಣಿಕವೇ ಇರಬಹುದು. ಆದರೆ ಎಲ್ಲೆಯನ್ನು ಎಳೆದಾಗ ಮನೆ ಬಿಟ್ಟು ನಡೆಯಬೇಕಾದವರು ಹಾಡಿದವರೇ ಹೊರತು ಹಾಡಿಸಿದವರಲ್ಲ. ರಾಮನವಮಿಯ ದಿನ ದೇವಾಲಯದಲ್ಲಿ ಭೋಲಿಯ ಹಾಡಿಗೆ ತಲೆದೂಗುವ ಗಣ್ಯರನ್ನು ಸುಮನಳು ಕಂಡಿದ್ದಾಳೆ. ಅವರ ಮೇಲೆ ಯಾವ ನಗರಸಭೆಯ ನಿರ್ಣಯವೂ ಹೊರಡುವುದಿಲ್ಲ.

ಡೇವಿಸನ ವಾದವು ಎಡವುವುದು ಇಲ್ಲಿಯೇ. ವೇಶ್ಯಾವೃತ್ತಿಯು ಕುಟುಂಬಕ್ಕೆ ನೆರವಾಗುತ್ತದೆ ಎಂಬುದು ಒಂದು ವೇಳೆ ನಿಜವಾದರೂ, ಅದು ಉಪಯೋಗದ ವರ್ಣನೆಯೇ ಹೊರತು ಕಾರಣದ ನಿರೂಪಣೆಯಲ್ಲ. ಸುಮನಳು ಸಮಾಜದ ಅವಶ್ಯಕತೆಯನ್ನು ಪೂರೈಸಲು ಭೋಲಿಯ ಮನೆಯ ಮೆಟ್ಟಿಲನ್ನು ಹತ್ತಲಿಲ್ಲ, ತನ್ನ ಮನೆಯ ಬಾಗಿಲು ಮುಚ್ಚಿತೆಂದು ಹತ್ತಿದಳು. ಅಲ್ಲದೆ, ಯಾವ ಕುಟುಂಬಕ್ಕೆ ನೆರವು? ಸುಮನಳದೂ ಒಂದು ಕುಟುಂಬವಾಗಿತ್ತು, ಅದು ಮುರಿಯಿತು. ಲಾಭವನ್ನು ಉಣ್ಣುವವರು ಒಬ್ಬರು, ಬೆಲೆಯನ್ನು ತೆರುವವರು ಇನ್ನೊಬ್ಬರು ಆಗಿರುವಲ್ಲಿ ‘ಸಮಾಜಕ್ಕೆ ಉಪಯೋಗ’ ಎಂಬ ಮಾತು ಲೆಕ್ಕದ ಅರ್ಧ ಹಾಳೆಯನ್ನು ಮಡಿಸಿಟ್ಟಂತಾಗುತ್ತದೆ. ಮರ್ಟನನೇ 1949ರಲ್ಲಿ, ಒಂದು ಗುಂಪಿಗೆ ಉಪಕಾರಿಯಾದುದು ಮತ್ತೊಂದಕ್ಕೆ ಅಪಕಾರಿಯಾಗಬಹುದೆಂದು ಎಚ್ಚರಿಸಿದನು. ಆ ಎಚ್ಚರಿಕೆಯು ಪಂಥದ ಒಳಗಿನಿಂದಲೇ ಬಂದಿತೆಂಬುದನ್ನು ವಿಮರ್ಶಕರು ಮರೆಯಬಾರದು.

ಎರಡನೆಯ ಒರೆಗಲ್ಲು ಕಾಶಿಯವರೇ ಆದ ಜಯಶಂಕರ ಪ್ರಸಾದರ ‘ಗುಂಡಾ’ ಎಂಬ ಸಣ್ಣಕಥೆ. ಕಾಲವು 1781, ವಾರೆನ್ ಹೇಸ್ಟಿಂಗ್ಸನು ರಾಜಾ ಚೇತಸಿಂಹನನ್ನು ಶಿವಾಲಾ ಘಾಟಿನ ಅರಮನೆಯಲ್ಲಿ ಬಂಧನದಲ್ಲಿರಿಸಿದ, ಊರೇ ದಂಗೆಯೆದ್ದ ಆಗಸ್ಟ್ ತಿಂಗಳು. ಸಿರಿವಂತ ಮನೆತನದಲ್ಲಿ ಹುಟ್ಟಿ ಗುಂಡಾ ಎನಿಸಿಕೊಂಡ ನನ್ಹಕೂಸಿಂಹನು, ರಾಜನೂ ರಾಜಮಾತೆಯೂ ಪಾರಾಗಲೆಂದು ಕಂಪನಿಯ ಸಿಪಾಯಿಗಳೊಡನೆ ಹೋರಾಡಿ ಮಡಿಯುತ್ತಾನೆ. ಈತನು ಮುರಿದ ಎಲ್ಲೆ ಯಾರದು? ಕಂಪನಿಯ ದೃಷ್ಟಿಯಲ್ಲಿ ಅಪರಾಧಿ, ಊರ ದೃಷ್ಟಿಯಲ್ಲಿ ವೀರ. ದುರ್ಖೈಮನು ಹೇಳುವ ಸಮಷ್ಟಿಪ್ರಜ್ಞೆಯು ಒಂದೇ ಆಗಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಆಳುವವರದೊಂದು, ಆಳಿಸಿಕೊಳ್ಳುವವರದೊಂದು ಹೀಗೆ ಎರಡು ಪ್ರಜ್ಞೆಗಳಿರುವ ನಾಡಿನಲ್ಲಿ ದಂಡನೆಯು ಎಲ್ಲರನ್ನೂ ಒಂದುಗೂಡಿಸುವುದಿಲ್ಲ. ಉತ್ತರ ಪ್ರದೇಶದ 1970ರ ಗೂಂಡಾ ನಿಯಂತ್ರಣ ಅಧಿನಿಯಮದಲ್ಲಿ ಇದೇ ಶಬ್ದವು ಜಿಲ್ಲೆಯಿಂದ ಗಡೀಪಾರಾಗತಕ್ಕವನ ಲಕ್ಷಣವಾಯಿತು. ಶಬ್ದವೊಂದೇ ಆದರೂ ಅದರ ಅರ್ಥವನ್ನು ಗೊತ್ತುಮಾಡುವ ಕೈ ಬದಲಾಗುತ್ತ ಬಂದಿದೆ.

ಈ ಕೈಯ ಬಲವು ಎಷ್ಟೆಂಬುದಕ್ಕೆ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಕಠೋರವಾದ ನಿದರ್ಶನ. ಅದು ಮೊದಲು ಜಾರಿಗೆ ಬಂದ ಪ್ರದೇಶಗಳಲ್ಲಿ ಕಾಶಿಯನ್ನು ಒಳಗೊಂಡಿದ್ದ ವಾಯವ್ಯ ಪ್ರಾಂತಗಳೂ ಸೇರಿದ್ದುವು. ಕೃತ್ಯವು ನಡೆಯುವ ಮೊದಲೇ, ಹುಟ್ಟಿನಿಂದಲೇ ಅಪರಾಧಿಗಳೆಂದು ಸಮುದಾಯಗಳ ಹೆಸರನ್ನು ಪಟ್ಟಿಯಲ್ಲಿ ಬರೆಯಲಾಯಿತು. ಅದೇ ನೀತಿಯ ವಿಸ್ತರಣೆಯಾಗಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ ಬೇಲಿಯ ಕಾವಲಿನ ವಸಾಹತು ಏರ್ಪಟ್ಟಿತು. ‘ಸೆಟ್ಲಮೆಂಟ್’ ಎಂಬ ಸ್ಥಳನಾಮವು ಆ ಊರಿನ ಬಾಯಲ್ಲಿ ಉಳಿದುಕೊಂಡಿದೆ. 1952ರಲ್ಲಿ ಪಟ್ಟಿಯು ರದ್ದಾಯಿತು, ಸಂಶಯವು ರದ್ದಾಗಲಿಲ್ಲ. ಇಂತಹ ಕಡೆ ಅಪರಾಧದಿಂದ ಸಮಾಜಕ್ಕೆ ಏನು ಉಪಯೋಗವೆಂದು ಕೇಳುವುದಕ್ಕಿಂತ, ಅಪರಾಧಿಯೆಂಬ ಹೆಸರಿನಿಂದ ಸರ್ಕಾರಕ್ಕೆ ಏನು ಉಪಯೋಗವಾಯಿತೆಂದು ಕೇಳುವುದೇ ಸರಿಯಾದ ವಿಚಾರಣೆ.

ಹಾಗೆಂದು ಪ್ರಕಾರ್ಯವಾದವನ್ನು ಪೂರ್ಣವಾಗಿ ತಳ್ಳಿಹಾಕುವುದು ವಿವೇಕವಲ್ಲ. ತಪ್ಪು ಕೇವಲ ತಪ್ಪಿದವನ ಸೊತ್ತಲ್ಲವೆಂದು ಕಲಿಸಿದುದು ಅದರ ದೊಡ್ಡ ಉಪಕಾರ. ವರದಕ್ಷಿಣೆಯನ್ನು 1961ರ ಕಾಯಿದೆಯು ನಿಷೇಧಿಸಿದೆ, ಸಂಪ್ರದಾಯವು ವಿಧಿಸುತ್ತಲೇ ಇದೆ. ಈ ಎರಡರ ನಡುವೆ ಸಿಕ್ಕಿ ನಲುಗುವ ತಂದೆಯನ್ನು ಅರಿಯಲು ಮರ್ಟನನು ಇಂದಿಗೂ ಬೇಕು. ಆದರೆ ಆತನ ಜೊತೆಗೆ ಎರಡು ಪ್ರಶ್ನೆಗಳೂ ಬೇಕು: ಎಲ್ಲೆಯನ್ನು ಎಳೆದವರು ಯಾರು? ಅದರ ಬೆಲೆಯನ್ನು ತೆತ್ತವರು ಯಾರು? ಹುಟ್ಟಿದ ನಾಡನ್ನು ಬಿಟ್ಟು ಬೇರೊಂದು ನಗರದಲ್ಲಿ ನೆಲೆಸಿರುವ ಕನ್ನಡಿಗರಿಗೆ, ಪರಸ್ಥಳದವನ ಮೇಲೆ ಸಂಶಯವು ಎಷ್ಟು ಬೇಗ ಬೀಳುತ್ತದೆಂಬುದನ್ನು ಬಲ್ಲವರಾದುದರಿಂದ, ಈ ಪ್ರಶ್ನೆಗಳ ತೂಕವನ್ನು ವಿವರಿಸಿ ಹೇಳಬೇಕಾಗಿಲ್ಲ.