ಬೊಮ್ಮನ ಒಡೆಯ ಯಾವ ನಾಡಿನವನು?

ಕಳೆದ ಚಳಿಗಾಲದ ಒಂದು ಭಾನುವಾರ ಮುನಿರ್ಕಾದ ನಮ್ಮ ಮನೆಯಲ್ಲಿ ನಾಲ್ಕಾರು ಕನ್ನಡ ಕುಟುಂಬಗಳು ಕಲೆತಿದ್ದವು. ಉಪ್ಪಿಟ್ಟು ಕಾಫಿ ಮುಗಿದು ಮಾತು ಇಸ್ರೇಲಿನ ಕಡೆಗೆ ಹೊರಳಿತು. 2023ರ ಅಕ್ಟೋಬರ್ 7ರ ಹಮಾಸ್ ದಾಳಿ, ಅದರ ಬೆನ್ನಿಗೆ ಗಾಜಾದಲ್ಲಿ ಆದ ಅಪಾರ ಸಾವುನೋವು ಯಾವ ಮನೆಯಲ್ಲಿ ತಾನೇ ಚರ್ಚೆಯಾಗಿಲ್ಲ? ಪಕ್ಕದ ವಿಶ್ವವಿದ್ಯಾನಿಲಯದಲ್ಲಿ ಓದುವ ಹುಡುಗನೊಬ್ಬ, "ಯಹೂದಿ ಬೇರೆ, ಜಿಯೋನಿಸ್ಟ್ ಬೇರೆ, ಮಾವ" ಎಂದ. ಹಿರಿಯರೊಬ್ಬರು, "ಅದೆಂಥ ಬೇರೆಯೋ? ಜನ ಅಂದಮೇಲೆ ಅವರಿಗೊಂದು ನಾಡು ಬೇಡವೇ?" ಎಂದರು. ದನಿಗಳು ಏರುತ್ತಿದ್ದುದನ್ನು ಕಂಡು ನಾನು ಕಪಾಟಿನಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್'. "ಇದರಲ್ಲಿ ನಮ್ಮ ಮಂಗಳೂರು ಇದೆ" ಎಂದೊಡನೆ ಜಗಳ ನಿಂತು ಕುತೂಹಲ ಹುಟ್ಟಿತು. ಅಂದು ಹೇಳಿ ಮುಗಿಸಲಾಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಪುಸ್ತಕ ಪ್ರಕಟವಾದದ್ದು 1992ರಲ್ಲಿ. ಅದೇ ವರ್ಷದ ಜನವರಿ 29ರಂದು ಭಾರತ ಇಸ್ರೇಲಿನೊಡನೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿತು. ಇದು ಕಾಕತಾಳೀಯವೇ ಸರಿ. ಆದರೆ ನಮ್ಮ ಕರಾವಳಿಗೂ ಯಹೂದಿಗಳಿಗೂ ಇದ್ದ ನಂಟು ರಾಯಭಾರ ಕಚೇರಿಗಳಿಗಿಂತ ಎಂಟುನೂರು ವರ್ಷ ಹಳೆಯದೆಂಬುದನ್ನು ಓದುಗರು ಈ ಪುಸ್ತಕದಲ್ಲಿ ಕಾಣಬಹುದು.

ಕಥೆಯ ಎಳೆಗಳು ಎರಡು. ಮೊದಲನೆಯದು, 1980ರ ಸುಮಾರಿಗೆ ಮಾನವಶಾಸ್ತ್ರದ ಸಂಶೋಧನೆಗೆಂದು ಈಜಿಪ್ಟಿನ ಹಳ್ಳಿಗಳಲ್ಲಿ ನೆಲೆಸಿದ ಲೇಖಕರ ಅನುಭವ. ಎರಡನೆಯದು, 12ನೆಯ ಶತಮಾನದ ವರ್ತಕ ಅಬ್ರಹಾಂ ಬೆನ್ ಯಿಜು ಮತ್ತು ಅವನ ದಾಸ ಬೊಮ್ಮನ ಬಾಳು. ಬೆನ್ ಯಿಜು ಇಂದಿನ ಟ್ಯುನಿಷಿಯಾದ ಮಹ್ದಿಯಾ ಎಂಬ ಊರಿನವನು. ಏಡನ್ನಿಗೆ ಬಂದು, ಅಲ್ಲಿಂದ ಕಡಲು ದಾಟಿ, 1132ರ ಹೊತ್ತಿಗೆ ಅಳುಪರ ಆಳ್ವಿಕೆಯ ಮಂಗಳೂರಿನಲ್ಲಿ ನೆಲೆಯೂರಿದ್ದ. ಆ ವರ್ಷ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಆಕೆಯೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರ ಎಣಿಕೆ. ನಾಯರ್ ಕುಲದವಳಿರಬೇಕೆಂದು ಘೋಷ್ ಊಹಿಸುತ್ತಾರೆ. ಊರಿನಲ್ಲಿ ಅವನಿಗೆ ಕಂಚಿನ ಪಾತ್ರೆಗಳ ಕಾರ್ಖಾನೆಯಿತ್ತು. ಏಡನ್ನಿನಿಂದ ತಾಮ್ರ, ಸಕ್ಕರೆ, ದ್ರಾಕ್ಷಿ, ಬರೆಯುವ ಕಾಗದ ಬರುತ್ತಿದ್ದವು. ಇಲ್ಲಿಂದ ಮೆಣಸು, ಅಡಿಕೆ, ಪಾತ್ರೆಗಳು ಹೋಗುತ್ತಿದ್ದವು. ಬೊಮ್ಮ ಅವನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ನಡೆಸುತ್ತಿದ್ದ. ಒಮ್ಮೆ ಅಲ್ಲಿ ಕುಡಿದು ರಂಪ ಮಾಡಿ ಹಣ ಕೇಳಿದ್ದೂ ಉಂಟು. ಮುಂದೆ ಏಡನ್ನಿನ ವರ್ತಕರು ಕಾಗದದ ಕೊನೆಗೆ ಅವನಿಗೂ ಗೌರವದಿಂದ ಕುಶಲ ಬರೆಯುವಂತಾಯಿತು.

ಹೀಬ್ರೂ ಲಿಪಿಯ ಮೂರಕ್ಷರದಲ್ಲಿ ಅಡಗಿದ್ದ ಆ ಹೆಸರನ್ನು 'ಬೊಮ್ಮ' ಎಂದು ಓದಬಹುದೆಂದು ಸೂಚಿಸಿದವರು ನಮ್ಮ ಪ್ರೊ. ಬಿ. ಎ. ವಿವೇಕ ರೈ ಅವರು. ಆ ಹೊತ್ತಿನ ದಾಸ್ಯದ ಅರ್ಥವನ್ನು ಹುಡುಕುತ್ತ ಘೋಷ್ ನಮ್ಮ ವಚನಕಾರರವರೆಗೂ ಬರುತ್ತಾರೆ. ಒಡೆಯ, ಆಳು ಎಂಬ ಮಾತುಗಳಿಗೆ ಅಂದು ಭಕ್ತಿಯ ಬಣ್ಣವೂ ಇತ್ತೆಂಬ ಅವರ ವಿವರಣೆಯನ್ನು ಕನ್ನಡಿಗರು ತಪ್ಪದೆ ಓದಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಈ ಬೆನ್ ಯಿಜುವಿನ ಗುರುತು ಯಾವುದು? ಅವನು ನಿಷ್ಠಾವಂತ ಯಹೂದಿ. ಧರ್ಮಶಾಸ್ತ್ರ ಓದಿದವನು, ಪದ್ಯ ಹೊಸೆಯಬಲ್ಲವನು. ಆದರೆ ಅವನ ಕಾಗದಗಳ ಭಾಷೆ ಅರಬ್ಬಿ, ಲಿಪಿ ಮಾತ್ರ ಹೀಬ್ರೂ. ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆಯುವ ನಮ್ಮ ಮಂಗಳೂರಿಗರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಪಾಲುದಾರರಲ್ಲಿ ಮುಸ್ಲಿಮರಿದ್ದರು, ಹಿಂದೂಗಳಿದ್ದರು. ಜೆರುಸಲೇಮಿನ ಕಡೆಗೆ ಮುಖಮಾಡಿ ಪ್ರಾರ್ಥಿಸುತ್ತಿದ್ದನಾದರೂ ಅಲ್ಲಿಗೆ ಹೋಗಿ ನೆಲೆಸಬೇಕೆಂಬ ಆತುರ ಅವನ ಕಾಗದಗಳಲ್ಲಿಲ್ಲ. ಯಹೂದಿತನವೆಂದರೆ ಅವನಿಗೆ ದಿನಚರಿ: ಪ್ರಾರ್ಥನೆ, ಊಟದ ಕಟ್ಟು, ಮದುವೆಯ ಕಟ್ಟು, ಕಾಗದದ ಮೇಲಿನ ದೇವರ ಹೆಸರು.

ಆದರೂ ಮನೆಯ ಹಂಬಲ ಅವನನ್ನು ಬಿಡಲಿಲ್ಲ. 1148ರಲ್ಲಿ ಸಿಸಿಲಿಯ ನಾರ್ಮನ್ನರು ಮಹ್ದಿಯಾವನ್ನು ಹಿಡಿದರು, ಸೋದರರು ದಿಕ್ಕಾಪಾಲಾದರು. 1149ರಲ್ಲಿ ಬೆನ್ ಯಿಜು ಮಕ್ಕಳೊಡನೆ ಏಡನ್ನಿಗೆ ಮರಳಿ ಸೋದರರಿಗೆ ಬರೆದ. ಮುಂದೆ ಮಗಳ ಮದುವೆಯ ಮಾತು ಬಂತು. ಏಡನ್ನಿನ ಗೆಳೆಯನೊಬ್ಬ ತನ್ನ ಮಗನಿಗೆ ಹುಡುಗಿಯನ್ನು ಕೇಳಿದ್ದ. ಅವಳು ಮೂರು ವರ್ಷ ಆ ಮನೆಯಲ್ಲೇ ಇದ್ದಳು. ಆದರೂ ಅಣ್ಣತಮ್ಮಂದಿರ ಮಗ ಪರರಿಗಿಂತ ಮೊದಲು ಎಂದು ತಂದೆ ಹಟ ಹಿಡಿದ. 1156ರಲ್ಲಿ ಹಳೆ ಕೈರೋದ ಫುಸ್ತಾತಿನಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಆ ಹುಡುಗಿಗೆ ಎಂದೂ ಕಾಣದಿದ್ದ ಸೋದರ ಸಂಬಂಧಿಯೊಡನೆ ಮದುವೆಯಾಯಿತು. ದೆಹಲಿಯಲ್ಲಿ ಮೂವತ್ತು ವರ್ಷ ದುಡಿದು, ಮಗಳಿಗೆ ಊರ ಕಡೆಯ ವರನೇ ಬೇಕೆಂದು ಜಾತಕ ಹಿಡಿದು ಓಡಾಡುವ ನಮ್ಮವರಿಗೆ ಈ ತಂದೆ ದೂರದವನೇ?

ಇಂಥವನ ವಂಶದ ಜನಕ್ಕೆ ರಾಷ್ಟ್ರವೊಂದೇ ಗುರುತಾಗಬೇಕಾಗಿ ಬಂದದ್ದು ಹೇಗೆ? ಅದಕ್ಕೆ ನಾವು 19ನೆಯ ಶತಮಾನದ ಯುರೋಪಿಗೆ ಹೋಗಬೇಕು. ಅಲ್ಲಿ ಯಹೂದಿಗೆ ಪೌರತ್ವ ಸಿಕ್ಕಿತು, ಅದರೊಡನೆ ಹೊಸ ಸಂಕಟವೂ ಬಂತು. ಧರ್ಮದ ಕಟ್ಟು ಸಡಿಲಿಸಿ ಫ್ರೆಂಚನಾಗು, ಜರ್ಮನನಾಗು ಎಂದರು. ಆದಮೇಲೂ ನೀನು ನಮ್ಮವನಲ್ಲ ಎಂದರು. 1895ರ ಜನವರಿಯಲ್ಲಿ ಪ್ಯಾರಿಸಿನಲ್ಲಿ, ಸುಳ್ಳು ಆರೋಪ ಹೊತ್ತ ಕ್ಯಾಪ್ಟನ್ ಡ್ರೈಫಸನ ಬಿಲ್ಲೆಗಳನ್ನು ಎಲ್ಲರೆದುರು ಕಿತ್ತಾಗ, ವಿಯೆನ್ನಾದ ಪತ್ರಿಕೆಯ ಬಾತ್ಮೀದಾರ ಥಿಯೋಡರ್ ಹರ್ಟ್ಸಲ್ ಆ ಸುದ್ದಿ ಬರೆಯಲು ಅಲ್ಲಿದ್ದ. ಪೂರ್ವ ಯುರೋಪಿನಲ್ಲಿ ಪರಿಸ್ಥಿತಿ ಇನ್ನೂ ಘೋರ. ರಷ್ಯದ ಸಾಮ್ರಾಜ್ಯದಲ್ಲಿ ಯಹೂದಿಗಳ ಮೇಲೆ 1881ರಿಂದ ದೊಂಬಿಗಳ ಮೇಲೆ ದೊಂಬಿ. ಜಿಯೋನಿಸಂ ಎಂಬ ಮಾತನ್ನು 1890ರಲ್ಲಿ ನಾಥನ್ ಬರ್ನ್‌ಬಾಮ್ ಬಳಕೆಗೆ ತಂದಿದ್ದ. ಜಿಯೋನ್ ಎಂದರೆ ಜೆರುಸಲೇಮಿನ ಬೆಟ್ಟದ ಹೆಸರು. 1896ರಲ್ಲಿ ಹರ್ಟ್ಸಲ್ ಯಹೂದಿ ರಾಜ್ಯದ ಬಗೆಗೆ ಪುಸ್ತಕ ಬರೆದ. 1897ರಲ್ಲಿ ಬಾಸೆಲಿನಲ್ಲಿ ಮೊದಲ ಮಹಾಸಭೆ ಸೇರಿಸಿದ. ಶತಮಾನಗಳ ಪ್ರಾರ್ಥನೆಯಲ್ಲಿದ್ದ ಮಾತು ರಾಜಕೀಯದ ಗುರಿಯಾದದ್ದು ಹೀಗೆ.

ಆದರೆ ಯಹೂದಿಗಳೆಲ್ಲ ಹರ್ಟ್ಸಲನ ಹಿಂದೆ ನಡೆದರೆಂದು ತಿಳಿಯಬಾರದು. ಅದೇ 1897ರಲ್ಲಿ ವಿಲ್ನಾದಲ್ಲಿ ಯಹೂದಿ ಕಾರ್ಮಿಕರ ಬುಂಡ್ ಎಂಬ ಸಂಘ ಹುಟ್ಟಿತು. ನಾವು ಬಾಳುವ ಇಲ್ಲಿಯೇ ನಮ್ಮ ಹಕ್ಕು, ನಾವಾಡುವ ಯಿಡ್ಡಿಶ್ ಭಾಷೆಯೇ ನಮ್ಮ ಭಾಷೆ ಎಂಬುದು ಅದರ ನಿಲುವು. 'ಇಲ್ಲಿತನ' ಎಂದು ಅದನ್ನು ಕನ್ನಡಿಸಬಹುದು. ಜಿಯೋನಿಸ್ಟರೊಳಗೇ ಅಹದ್ ಹಾಮ್ ಎಂಬ ಚಿಂತಕ ರಾಜ್ಯಕ್ಕಿಂತ ಸಂಸ್ಕೃತಿ ಮೊದಲು ಎಂದ. ಆ ನೆಲ ಬರಿದಾಗಿಲ್ಲ, ಅಲ್ಲಿ ಅರಬರು ಬೇಸಾಯ ಮಾಡಿಕೊಂಡಿದ್ದಾರೆ ಎಂದು 1891ರಲ್ಲೇ ಎಚ್ಚರಿಸಿದ. ಸಂಪ್ರದಾಯಸ್ಥರಲ್ಲಿ ಹಲವರು, ಮೆಸ್ಸಾಯ ಬರುವ ಮೊದಲೇ ರಾಜ್ಯ ಕಟ್ಟುವುದು ದೈವದ್ರೋಹ ಎಂದರು. ಹೀಗಿರುವಾಗ ಯಹೂದಿ ಬೇರೆ, ಜಿಯೋನಿಸ್ಟ್ ಬೇರೆ ಎಂದ ನಮ್ಮ ಹುಡುಗನ ಮಾತು ಚರಿತ್ರೆಗೆ ಒಪ್ಪುವಂಥದೇ.

ಹಾಗೆಂದು ಹಿರಿಯರ ಮಾತನ್ನು ತಳ್ಳಿಹಾಕುವಂತಿಲ್ಲ. ಬುಂಡ್ ನೆಚ್ಚಿಕೊಂಡಿದ್ದ ಆ 'ಇಲ್ಲಿ'ಯನ್ನು ನಾಜಿಗಳು ಬೂದಿ ಮಾಡಿದರು. ಅರವತ್ತು ಲಕ್ಷ ಯಹೂದಿಗಳು ಕೊಲೆಯಾದರು. ಅಲ್ಲಿಯವರೆಗೆ ಹಲವು ವಾದಗಳಲ್ಲಿ ಒಂದಾಗಿದ್ದ ಜಿಯೋನಿಸಂ, ಅಲ್ಲಿಂದ ಮುಂದೆ ಅಸಂಖ್ಯ ಯಹೂದಿಗಳಿಗೆ ಬದುಕಿ ಉಳಿಯುವ ಮಾತಾಯಿತು. ಆ ಉಳಿವಿಗೆ ಬೆಲೆ ತೆತ್ತವರು ಬೇರೆಯವರು: 1948ರಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ಮನೆಮಾರು ಕಳೆದುಕೊಂಡರು. ಈ ಎರಡು ದುಃಖಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಅಳಿಸುವವನು ವಿಷಯವನ್ನು ಅರ್ಥಮಾಡಿಕೊಂಡಿಲ್ಲವೆಂದೇ ನನ್ನ ಭಾವನೆ.

ಘೋಷರ ಪುಸ್ತಕದ ಬಗೆಗೆ ನನ್ನ ಮೆಚ್ಚುಗೆ ಮತ್ತು ಆಕ್ಷೇಪಣೆ ಎರಡೂ ಇಲ್ಲಿಂದಲೇ ಹುಟ್ಟುತ್ತವೆ. ಇಂದಿನ ಗಡಿಗಳು ನಿನ್ನೆಯ ಸಹಬಾಳ್ವೆಯನ್ನು ನೆನೆಯಲೂ ಬಿಡವು ಎಂಬುದು ಅವರ ದರ್ಶನ. ಅದಕ್ಕೆ ಅವರು ಕೊಡುವ ದೃಶ್ಯ ಮರೆಯಲಾಗದಂಥದು. ಈಜಿಪ್ಟಿನ ದಮನ್‌ಹೂರಿನಲ್ಲಿ ಅಬು ಹಸೀರಾ ಎಂಬ ಯಹೂದಿ ಸಂತನ ಸಮಾಧಿಯಿದೆ. ಸುತ್ತಲಿನ ಮುಸ್ಲಿಮರೂ ಹರಕೆ ಹೊರುತ್ತಿದ್ದರು. ನೋಡಲು ಹೋದ ಲೇಖಕರನ್ನು ಪೊಲೀಸರು ಹಿಡಿದು ವಿಚಾರಿಸುತ್ತಾರೆ. ಯಹೂದಿಯಲ್ಲ, ಇಸ್ರೇಲಿಯಲ್ಲ, ಮುಸ್ಲಿಮನಲ್ಲ, ಕ್ರೈಸ್ತನಲ್ಲ. ಮತ್ತೆ ಇಲ್ಲಿ ನಿನಗೇನು ಕೆಲಸ? ಲೇಖಕರಲ್ಲಿ ಉತ್ತರವಿಲ್ಲ. ಮಂಗಳೂರಿನಲ್ಲೂ ಅದರ ನೆರಳನ್ನು ಕಾಣುತ್ತಾರೆ. ಮೊಗವೀರರ ಬೊಬ್ಬರ್ಯ ಭೂತ ಮುಸ್ಲಿಂ ನಾವಿಕನೊಬ್ಬನ ಚೇತನವೆಂದು ಐತಿಹ್ಯ; ಹೊಸ ಗುಡಿಯಲ್ಲಿ ವಿಷ್ಣು ನಡುವೆ, ಬೊಬ್ಬರ್ಯ ಬದಿಗೆ. ನಮ್ಮ ಕರಾವಳಿಯವರು ಈ ಪುಟಗಳನ್ನು ಓದಿ ಸುಮ್ಮನಿರುವುದು ಕಷ್ಟ.

ಆದರೆ ಒಂದು ಕೊರತೆಯನ್ನು ಹೇಳಲೇಬೇಕು. ಫುಸ್ತಾತಿನ ಯಹೂದಿ ಮಂದಿರದಲ್ಲಿ ಗೆನಿಜಾ ಎಂಬ ಕೋಣೆಯಿತ್ತು. ದೇವರ ಹೆಸರಿರುವ ಕಾಗದವನ್ನು ಹರಿಯಬಾರದೆಂದು ಅಲ್ಲಿ ಹಾಕುತ್ತಿದ್ದರು. ಬೆನ್ ಯಿಜುವಿನ ಕಾಗದಗಳು ಉಳಿದದ್ದು ಅಲ್ಲಿಯೇ. 1896-97ರಲ್ಲಿ ಸಾಲೊಮನ್ ಶೆಕ್ಟರ್ ಲಕ್ಷಕ್ಕೂ ಮಿಕ್ಕ ತುಣುಕುಗಳನ್ನು ಕೇಂಬ್ರಿಜಿಗೆ ಸಾಗಿಸಿದರು. ಹರ್ಟ್ಸಲ್ ಮುಂದಿನ ರಾಜ್ಯದ ನಕ್ಷೆ ಬರೆಯುತ್ತಿದ್ದ ಅದೇ ತಿಂಗಳುಗಳವು! ಈ ಸಾಗಣೆಯನ್ನು ಘೋಷ್ ಸಾಮ್ರಾಜ್ಯಶಾಹಿಯ ಸುಲಿಗೆಯ ಕಥೆಯಾಗಿ ಹೇಳುತ್ತಾರೆ. ಅದರಲ್ಲಿ ಸತ್ಯವಿದೆ. ಆದರೆ ಆ ತುಣುಕುಗಳನ್ನು ಓದಿದವರು ಯಾರು? ಬೊಮ್ಮನಿಗೆ ಕುಶಲ ಬರೆದ 1148ರ ಕಾಗದ ಮೊದಲು ಅಚ್ಚಾದದ್ದು 1942ರಲ್ಲಿ, ಜೆರುಸಲೇಮಿನ ಹೀಬ್ರೂ ಪತ್ರಿಕೆಯೊಂದರಲ್ಲಿ. ಆ ಪತ್ರಿಕೆಯ ಹೆಸರೇ 'ಜಿಯೋನ್'. ಅಚ್ಚು ಮಾಡಿಸಿದ ಇ. ಸ್ಟ್ರಾಸ್, ಹಿಟ್ಲರ್ ಆಸ್ಟ್ರಿಯವನ್ನು ನುಂಗಿದ 1938ರಲ್ಲಿ ವಿಯೆನ್ನಾ ಬಿಟ್ಟು ಬಂದವನು. ಬೆನ್ ಯಿಜುವಿನ ಕಾಗದಗಳನ್ನು ಕೂಡಿಸಿ ಓದಿದ ಮಹಾವಿದ್ವಾಂಸ ಎಸ್. ಡಿ. ಗೊಯ್ಟೈನ್ 1923ರಲ್ಲೇ ಜರ್ಮನಿಯಿಂದ ಜೆರುಸಲೇಮಿನ ಕನಸು ಹೊತ್ತು ಹೊರಟವರು. 1957ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿ ತಮ್ಮ ಮೇರುಕೃತಿ ಬರೆದರು.

ಅಂದರೆ ತುಳುನಾಡಿನ ಬೊಮ್ಮನನ್ನು ಕತ್ತಲಿಂದ ಎತ್ತಿದ ಕೈಗಳು ಜಿಯೋನಿಸಂ ಕರೆತಂದ ಕೈಗಳೇ. ಹೊಸ ರಾಷ್ಟ್ರಕ್ಕೆ ಹಳೆಯ ನೆನಪು ಬೇಕಿತ್ತು. ನೆನಪನ್ನು ಹುಡುಕಹೋದವರಿಗೆ ಸಿಕ್ಕದ್ದು ರಾಷ್ಟ್ರವಿಲ್ಲದೆಯೂ ತುಂಬು ಬಾಳು ಬಾಳಿದ ಯಹೂದಿ. ಇನ್ನೊಂದು ಕಡೆ, ಬೆನ್ ಯಿಜುವಿನ ಗೆಳೆಯರ ಏಡನ್ನಿನಲ್ಲಿ 1947ರ ಗಲಭೆಯಲ್ಲಿ 82 ಯಹೂದಿಗಳು ಸತ್ತರು. 1949-50ರಲ್ಲಿ ಯೆಮೆನಿನ ಯಹೂದಿಗಳು ಏಡನ್ನಿನಿಂದ ವಿಮಾನವೇರಿ ಇಸ್ರೇಲಿಗೆ ಹೋದರು. ನೆನಪನ್ನು ಉಳಿಸಿದ ಯುಗವೇ ಆ ನೆನಪಿನ ನೆಲೆಗಳನ್ನು ಬರಿದು ಮಾಡಿತು. ಈ ತೊಡಕು ಘೋಷರಂಥ ಸೂಕ್ಷ್ಮ ಲೇಖಕರ ಕೈಯಲ್ಲಿ ಎಷ್ಟು ಬೆಳೆಯಬಹುದಿತ್ತು! ಆದರೆ ಅವರ ಪುಟಗಳಲ್ಲಿ ಜಿಯೋನಿಸಂ ಗಡಿಯಾಗಿ, ಪೊಲೀಸರ ಸಂಶಯವಾಗಿ ಕಾಣುತ್ತದೆಯೇ ಹೊರತು ಒಳಗಿನ ಸಂಕಟವಾಗಿ ಕಾಣುವುದು ಕಡಿಮೆ. ಜೊತೆಗೆ 12ನೆಯ ಶತಮಾನಕ್ಕೆ ಅವರು ಹಚ್ಚುವ ಬಣ್ಣವೂ ತುಸು ಹೆಚ್ಚೇ. ಬೊಮ್ಮ ಎಷ್ಟೇ ಗೌರವ ಪಡೆದರೂ ದಾಸನೇ. ಆಶುವಿನ ಸ್ವಂತ ಮಾತು ಒಂದೂ ಉಳಿದಿಲ್ಲ.

ನಾಡೇ ಸಿಕ್ಕಿದರೂ ಗುರುತಿನ ಪ್ರಶ್ನೆ ಮುಗಿಯದು ಎಂಬುದಕ್ಕೆ ನಮ್ಮ ನೆರೆಯ ಕೊಂಕಣ ತೀರದ ಬೆನೆ ಇಸ್ರೇಲರೇ ಸಾಕ್ಷಿ. ಮರಾಠಿ ಮಾತಾಡುವ ಈ ಯಹೂದಿಗಳು ಇಸ್ರೇಲಿಗೆ ಹೋದರೆ, ಅಲ್ಲಿನ ಧರ್ಮಾಧಿಕಾರಿಗಳು ಮದುವೆಯ ಹೊತ್ತಿನಲ್ಲಿ ಅವರ ಯಹೂದಿತನವನ್ನೇ ಶಂಕಿಸಿದರು. ಅವರು ಧರಣಿ ಕೂತರು. 1964ರಲ್ಲಿ ಅಲ್ಲಿನ ಸಂಸತ್ತು ಇವರು ಎಲ್ಲ ವಿಧದಲ್ಲೂ ಯಹೂದಿಗಳೇ ಎಂದು ಸಾರಬೇಕಾಯಿತು. ಅವರ ಗುರುತಿನ ಪ್ರಶ್ನೆಯನ್ನು ಸ್ವಂತ ಮನೆಯಲ್ಲೇ ಕೇಳಿದರು.

ನಮ್ಮ ಕಷ್ಟವನ್ನು ಅವರ ಕಷ್ಟದ ಪಕ್ಕಕ್ಕಿಟ್ಟು ತೂಗುವುದು ಅತಿಯಾದೀತು. ನಮ್ಮನ್ನು ಯಾರೂ ಅಟ್ಟಿಲ್ಲ; ರೈಲು ಹತ್ತಿದರೆ ಊರು ಅಲ್ಲಿಯೇ ಇದೆ. ಆದರೂ ಮುನಿರ್ಕಾದಲ್ಲಿ ಹಿಂದಿಯಲ್ಲಿ ಆಡುತ್ತ ಬೆಳೆದ ಮಕ್ಕಳು, "ನಾವು ಎಲ್ಲಿಯವರು?" ಎಂದು ಕೇಳಿದಾಗ ನಾವು ಒಂದು ಊರಿನ ಹೆಸರು ಹೇಳಿ ಮುಗಿಸಿಬಿಡುತ್ತೇವೆ. ಬೆನ್ ಯಿಜುವಿನ ಉತ್ತರ ಅದಕ್ಕಿಂತ ಉದ್ದದ್ದಾಗಿರುತ್ತಿತ್ತು: ಇಂಥ ಮಾತು, ಇಂಥ ಲಿಪಿ, ಇಂಥ ನೇಮ, ಇಂಥ ನೆಂಟರು, ಇಂಥ ಊರಿನಲ್ಲಿ ಹುಟ್ಟಿದ ಮಕ್ಕಳು.

ಅಂದು ಹಿರಿಯರು ಹೊರಡುವಾಗ ಪುಸ್ತಕವನ್ನು ಕೇಳಿ ಒಯ್ದರು. ಇನ್ನೂ ಹಿಂದಿರುಗಿಸಿಲ್ಲ, ಓದುತ್ತಿದ್ದಾರೆಂದು ಭಾವಿಸುತ್ತೇನೆ. ಓದುಗರಲ್ಲಿ ಒಂದು ವಿನಂತಿ. ಅಟ್ಟದ ಮೇಲಿನ ಟ್ರಂಕಿನಲ್ಲಿ ಊರಿನಿಂದ ಬಂದ ಹಳೆಯ ಇನ್‌ಲ್ಯಾಂಡ್ ಕಾಗದಗಳಿದ್ದರೆ, ಕಬಾಡಿಯವನಿಗೆ ಕೊಡುವ ಮುನ್ನ ಮಕ್ಕಳನ್ನು ಕೂರಿಸಿಕೊಂಡು ಒಮ್ಮೆ ಗಟ್ಟಿಯಾಗಿ ಓದಿ. ಮಂಗಳೂರಿನ ಬೊಮ್ಮನ ಹೆಸರು ಉಳಿದದ್ದು ಅಂಥದೇ ಒಂದು ಕಾಗದದ ಕೊನೆಯ ಸಾಲಿನಲ್ಲಿ.