ವರವೋ ಶಾಪವೋ ಎಂಬ ಪ್ರಬಂಧ

ಕನ್ನಡದಲ್ಲಿ ಅತ್ಯಂತ ಹೆಚ್ಚಾಗಿ ಬರೆಯಲ್ಪಡುವ ಸಾಹಿತ್ಯಪ್ರಕಾರ ಯಾವುದೆಂದು ಯಾರಾದರೂ ಕೇಳಿದರೆ ಕವಿತೆಯೆಂದೋ ಸಣ್ಣಕಥೆಯೆಂದೋ ಉತ್ತರ ಬರಬಹುದು. ನನ್ನ ಉತ್ತರ ಬೇರೆ. ಅದು ಶಾಲಾ ಕಾಲೇಜುಗಳ ಪರೀಕ್ಷಾ ಪ್ರಬಂಧ. ಪ್ರತಿವರ್ಷ ಲಕ್ಷಾಂತರ ಮಕ್ಕಳು ಒಂದೇ ದಿನ, ಒಂದೇ ಗಂಟೆಯಲ್ಲಿ ಕುಳಿತು ಬರೆಯುವ ಪ್ರಕಾರ ಇನ್ನಾವುದಿದೆ? ಅದನ್ನು ಓದತಕ್ಕವರು ನಾವು, ಕನ್ನಡದ ಅಧ್ಯಾಪಕರು, ಅದೂ ಸಂಭಾವನೆಗಾಗಿ. ವಿಮರ್ಶಕರು ಇದರ ಕಡೆ ಕಣ್ಣೆತ್ತಿಯೂ ನೋಡಿಲ್ಲ. ಸಾಹಿತ್ಯ ಚರಿತ್ರೆಗಳಲ್ಲಿ ಇದಕ್ಕೆ ಒಂದು ಅಡಿಟಿಪ್ಪಣಿಯೂ ಇಲ್ಲ. ಆದರೂ ವಿದ್ಯಾವಂತ ಕನ್ನಡಿಗ ರೈಲಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಬೀಗರ ಮನೆಯ ಜಗಲಿಯಲ್ಲಿ ಯಂತ್ರಗಳ ವಿಷಯವಾಗಿ, ಓದಿನ ವಿಷಯವಾಗಿ, ಈಗಿನ ಕಾಲದ ಹುಡುಗರ ವಿಷಯವಾಗಿ ಆಡುವ ಮಾತಿಗೆ ಅಚ್ಚು ಹಾಕಿರುವುದು ಪಂಪನೂ ಅಲ್ಲ, ಕುವೆಂಪು ಅವರೂ ಅಲ್ಲ. ಈ ಪ್ರಬಂಧವೇ ಎಂದು ನನಗೆ ಇತ್ತೀಚೆಗೆ ಬಲವಾಗಿ ತೋರುತ್ತಿದೆ.

ಅದರ ಲಕ್ಷಣ ಓದುಗರಿಗೆಲ್ಲ ತಿಳಿದದ್ದೇ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಮೂರು ಅಂಗಗಳು. ಪೀಠಿಕೆ ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ಆರಂಭವಾಗತಕ್ಕದ್ದು. ನಿರೂಪಣೆಯಲ್ಲಿ ಮೊದಲು ಉಪಯೋಗಗಳು, ಅನಂತರ ದುರುಪಯೋಗಗಳು. ಎರಡೂ ಪಟ್ಟಿ ಹೆಚ್ಚು ಕಡಿಮೆ ಒಂದೇ ಉದ್ದ ಇರಬೇಕು. ಉಪಸಂಹಾರದಲ್ಲಿ, ಯಾವುದನ್ನೇ ಆಗಲಿ ಮಿತವಾಗಿ ಬಳಸಿದರೆ ಅದು ವರ, ಮಿತಿಮೀರಿದರೆ ಶಾಪ. ನಾನು ವಿದ್ಯಾರ್ಥಿಯಾಗಿದ್ದಾಗ ದೂರದರ್ಶನದ ಮೇಲೆ ಇದನ್ನು ಬರೆದೆ. ನನಗಿಂತ ಹಿರಿಯರು ‘ವಿಜ್ಞಾನ’ ಎಂಬುದರ ಮೇಲೆಯೇ ಬರೆದರು. ಅವರಿಗೆ ಅಣುಬಾಂಬು ಶಾಪದ ಪಟ್ಟಿಗೆ ಬಹಳ ಅನುಕೂಲವಾಗಿತ್ತು. ಆಮೇಲೆ ಕಂಪ್ಯೂಟರು, ಅಂತರಜಾಲ, ಮೊಬೈಲು ಬಂದವು. ವಸ್ತು ಬದಲಾಯಿತು, ಪ್ರಬಂಧ ಬದಲಾಗಲಿಲ್ಲ. ಟಿವಿ ಎಂದಿದ್ದಲ್ಲಿ ಮೊಬೈಲು ಎಂದು ತಿದ್ದಿದರೆ ನನ್ನ ಹಳೆಯ ಪ್ರಬಂಧಕ್ಕೆ ಈಗಲೂ ಹತ್ತಕ್ಕೆ ಎಂಟು ಅಂಕ ಬಂದೀತು.

ಇದರಲ್ಲಿ ದೋಷವೇನು ಎಂದು ಕೇಳಬಹುದು. ಇದರಲ್ಲಿರುವ ಅಭಿಪ್ರಾಯ ತಪ್ಪೆಂದು ನಾನು ಹೇಳುವುದಿಲ್ಲ. ಅದು ತಪ್ಪಾಗಲು ಸಾಧ್ಯವೇ ಇಲ್ಲ ಎಂಬುದೇ ಅದರ ದೋಷ. ಮೊಬೈಲನ್ನು ಕಣ್ಣಿಂದ ಕಾಣದವನೂ ಅದನ್ನು ಬರೆಯಬಲ್ಲ. ಬರೆಯುವವನ ಮನೆ ಯಾವುದು, ಆ ಯಂತ್ರ ಅಲ್ಲಿಗೆ ಯಾವ ಸಾಲದಲ್ಲಿ ಬಂತು, ಅದು ಯಾರ ಕೈಯಲ್ಲಿರುತ್ತದೆ, ಯಾರ ಕೈಗೆ ಸಿಗುವುದಿಲ್ಲ, ಅದು ಬಂದ ಮೇಲೆ ಅಡುಗೆಮನೆಯ ಮಾತಿನ ಧಾಟಿ ಏನಾಯಿತು, ಇದೊಂದೂ ಆ ಪ್ರಬಂಧಕ್ಕೆ ಬೇಕಾಗಿಲ್ಲ.

ನಮ್ಮ ಸಾಹಿತ್ಯ ಇಂಥ ವಿಷಯಗಳನ್ನು ಕಾಣದೆ ಇದ್ದಿದ್ದರೆ ಮಕ್ಕಳನ್ನು ದೂರುವುದು ಸರಿಯಾಗುತ್ತಿರಲಿಲ್ಲ. ಆದರೆ ಅದು ಕಂಡಿದೆ, ಸೊಗಸಾಗಿ ಕಂಡಿದೆ. ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಮಲೆನಾಡಿಗೆ ಬೈಸಿಕಲ್ಲು ಬರುವ ಸಂದರ್ಭವನ್ನು ನೆನೆಯಿರಿ. ಅಲ್ಲಿನ ಜನ ಅದನ್ನು ‘ಬೀಸೆಕಲ್ಲು’ ಎಂದು ಕರೆಯುತ್ತಾರೆ. ನಾವು ಮೊದಲ ಸಲ ಓದುವಾಗ ನಗುತ್ತೇವೆ. ತರಗತಿಯಲ್ಲಿಯೂ ನಗು ಖಂಡಿತ. ಆದರೆ ಆ ನಾಲಗೆ ತಪ್ಪಿನಲ್ಲಿ ಎಷ್ಟು ವಿವೇಕವಿದೆ! ಬಾಯಿಗೆ ಬಾರದ ಹೆಸರಿನ, ಗುಂಡಗೆ ತಿರುಗುವ ಒಂದು ವಸ್ತು ಊರಿಗೆ ಬಂದಾಗ, ಮನೆಯಲ್ಲಿ ಗುಂಡಗೆ ತಿರುಗುವ ವಸ್ತು ಯಾವುದು ಎಂದು ಮನಸ್ಸು ಹುಡುಕುತ್ತದೆ, ಬೀಸುವ ಕಲ್ಲು ಸಿಕ್ಕುತ್ತದೆ, ಹೆಸರು ಕೂರುತ್ತದೆ. ಹೊಸತನ್ನು ತನ್ನ ಮನೆಯ ಸಾಮಾನಿನ ಪಕ್ಕದಲ್ಲಿ ಇಟ್ಟು ನೋಡುವ ಕೆಲಸ ಅದು. ಕುವೆಂಪು ಅಲ್ಲಿ ಬೈಸಿಕಲ್ಲಿನ ಉಪಯೋಗ ದುರುಪಯೋಗಗಳನ್ನು ಪಟ್ಟಿ ಮಾಡಲಿಲ್ಲ. ಅದನ್ನು ಹತ್ತಿದವನ ಹುರುಪು, ಅದರ ಜೊತೆಗೇ ಬಂದ ಪಾದ್ರಿ, ಹೊಸ ಮತ, ಹಳೆಯ ಒಕ್ಕಲುತನ ಎಲ್ಲವನ್ನೂ ಒಂದೇ ಕೆಸರು ದಾರಿಯಲ್ಲಿ ನಡೆಸಿದರು.

ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಕಥೆಯನ್ನು (ಅದೇ ಹೆಸರಿನ ಸಂಕಲನ ಬಂದದ್ದು 1973ರಲ್ಲಿ) ಈಚೆಗೆ ಮತ್ತೆ ಓದಿದೆ. ಊರಿಗೆ ಅಂಚೆ ಬರುತ್ತದೆ. ಬೋಬಣ್ಣ ಅದನ್ನು ನೋಡಿಕೊಳ್ಳುತ್ತಾನೆ. ಪತ್ರ ಬರುವುದು ಒಬ್ಬನಿಗೆ, ಕುತೂಹಲ ಊರಿಗೆಲ್ಲ. ಅನ್ಯರ ಲಕೋಟೆಯೊಳಕ್ಕೆ ಇಣುಕಿದ ಆ ಕುತೂಹಲ ಕೊನೆಗೆ ಅವನ ಮನೆಯ ನೆಮ್ಮದಿಯನ್ನೇ ಕದಡುತ್ತದೆ. ಅಂಚೆ ಕಚೇರಿ ಕೆಟ್ಟದ್ದು ಎಂದು ಈ ಕಥೆಯಿಂದ ಯಾರೂ ತೀರ್ಮಾನಿಸಲಾರರು. ಒಳ್ಳೆಯದು ಎಂದೂ ತೀರ್ಮಾನಿಸಲಾರರು. ಬೇರೆ ಊರಿನ ಸುದ್ದಿ ಕೈಗೆ ಸಿಕ್ಕಿದ ಕೂಡಲೇ ತಮ್ಮ ಊರಿನವರನ್ನು ಜನ ಬೇರೆ ಕಣ್ಣಿನಿಂದ ನೋಡತೊಡಗುತ್ತಾರೆ ಎಂಬುದು ಮಾತ್ರ ಕಾಣುತ್ತದೆ. ವಾಟ್ಸಾಪಿನ ಕೌಟುಂಬಿಕ ಗುಂಪುಗಳಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನೋಡಿದವರು ಈ ಕಥೆಯನ್ನು ಓದಬೇಕು; ಐವತ್ತು ವರ್ಷ ಹಿಂದಿನದೆಂದು ಅನಿಸುವುದೇ ಇಲ್ಲ.

ಶಿವರಾಮ ಕಾರಂತರದು ಇನ್ನೂ ವಿಚಿತ್ರ ಉದಾಹರಣೆ. 1936ರಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಸಂಪುಟಗಳು, 1959ರಿಂದ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳು, ಕನ್ನಡದಲ್ಲಿ ವಿಜ್ಞಾನವನ್ನು ಇಷ್ಟು ಮುದ್ದು ಮಾಡಿದವರು ವಿರಳ. ಅದೇ ಕಾರಂತರು ಕೈಗಾ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿದರು. ಎಂಬತ್ತೇಳರ ವಯಸ್ಸಿನಲ್ಲಿ, 1989ರಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ವರವೋ ಶಾಪವೋ ಎಂದು ಕೇಳುವ ನಮ್ಮ ಪರೀಕ್ಷಕನ ಕೈಯಲ್ಲಿ ಅವರಿಗೆ ಎಷ್ಟು ಅಂಕ? ಎರಡು ಕಡೆಯೂ ಅವರು ಅರ್ಧರ್ಧ ನಿಲ್ಲಲಿಲ್ಲ. ಅಣುವಿನ ವಿಷಯ ತಿಳಿದಿದ್ದರು. ಕಾಳಿ ನದಿಯ ದಂಡೆಯನ್ನೂ ತಿಳಿದಿದ್ದರು.

ವಿದ್ಯೆಯ ವಿಷಯದಲ್ಲಿ ನಮ್ಮವರು ಬರೆದದ್ದರಲ್ಲಿ ಎಲ್ಲವೂ ನನಗೆ ಒಪ್ಪಿಗೆಯೆಂದು ಓದುಗರು ಭಾವಿಸಬಾರದು. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನು ಆಡುವಾಗ ಸಭೆಗೆ ಸಭೆಯೇ ತಲೆದೂಗುತ್ತದೆ. ಪರೀಕ್ಷೆಯಲ್ಲಿ ಪಾಸಾಗುವ ಪುಟ್ಟು ಟೊಳ್ಳು. ಮನೆಯವರ ಸೇವೆಯಲ್ಲಿ ಓದು ಬಿಟ್ಟ ಮಾಧು ಗಟ್ಟಿ. ಮಾತಿನ ಚಮತ್ಕಾರಕ್ಕೆ ನಾನೂ ಮಾರುಹೋದವನೇ. ಆದರೆ ಈ ವಿಭಾಗ ಬಹಳ ಅಚ್ಚುಕಟ್ಟಾಯಿತು. ಓದಿದವನಿಗೆ ಹೃದಯವಿಲ್ಲ, ಹೃದಯವಿದ್ದವನಿಗೆ ಅಂಕವಿಲ್ಲ ಎಂಬುದು ವರ ಶಾಪದ ಪ್ರಬಂಧವೇ. ರಂಗದ ಮೇಲೆ ಏರಿದೆ, ಅಷ್ಟೆ. ಆ ನಾಟಕ ನೋಡಿ ಬಂದ ತಂದೆತಾಯಿ ಮರುದಿನ ಬೆಳಿಗ್ಗೆ ಮಗನನ್ನು ಪುಟ್ಟುವಿನಂತೆಯೇ ಓದಲು ಕೂರಿಸುತ್ತಾರೆ. ಇದಕ್ಕೆ ಹೋಲಿಸಿದರೆ ‘ಕರ್ವಾಲೋ’ (1980) ಕಾದಂಬರಿಯ ಮಂದಣ್ಣ ಬೇರೆ ಜಾತಿಯವನು. ಜೇನಿನ ವಿದ್ಯೆ ಅವನಿಗೆ ಗೊತ್ತು, ಕಾಡು ಗೊತ್ತು, ಆದರೆ ಅವನಿಗೆ ಬೇಕಾದದ್ದು ಮದುವೆ, ಮದುವೆಗಾಗಿ ಒಂದು ಸರ್ಕಾರಿ ನೌಕರಿ. ತನ್ನ ವಿದ್ಯೆಯ ಬೆಲೆ ಅವನಿಗೇ ತಿಳಿಯದು. ಅದನ್ನು ಗುರುತಿಸಲು ಒಬ್ಬ ವಿಜ್ಞಾನಿ ಬರಬೇಕಾಯಿತು. ತೇಜಸ್ವಿ ಅವನನ್ನು ಗಟ್ಟಿಯೆಂದೂ ಹೊಗಳಲಿಲ್ಲ, ದಡ್ಡನೆಂದೂ ತಳ್ಳಲಿಲ್ಲ. ಆದ್ದರಿಂದಲೇ ಅವನು ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಇಂದಿಗೂ ಕುಳಿತಿರುವಂತೆ ಕಾಣುತ್ತಾನೆ.

ಇನ್ನು ಎ. ಎನ್. ಮೂರ್ತಿರಾಯರು. ‘ಹಗಲುಗನಸುಗಳು’ (1937) ಬರೆದವರು. ಅವರ ‘ವ್ಯಾಘ್ರಗೀತೆ’ಯನ್ನು ಹೈಸ್ಕೂಲಿನ ಪಠ್ಯವಾಗಿ ಓದಿದವರು ಈ ಪುಟದ ಓದುಗರಲ್ಲಿ ಅನೇಕರಿರಬೇಕು. ಹಿಂದಿನಿಂದ ಮೇಲೆರಗಬಾರದೆಂಬ ಧರ್ಮದ ಹುಲಿ, ಖಿರ್ದಿ ಪುಸ್ತಕದ ಶಾನುಭೋಗರು. ತಮಾಷೆ ಏನೆಂದರೆ, ಅಂಥ ಒಂದು ಪ್ರಬಂಧವನ್ನು ಪಾಠವಾಗಿ ಹೇಳಿಕೊಟ್ಟ ಅದೇ ವಾರ ನಾವು ಮಕ್ಕಳಿಗೆ ಪೀಠಿಕೆ, ನಿರೂಪಣೆ, ಉಪಸಂಹಾರ ಎಂದು ಕಪ್ಪು ಹಲಗೆಯ ಮೇಲೆ ಬರೆಯುತ್ತೇವೆ. ಮೂರ್ತಿರಾಯರು ಆ ಹಲಗೆಯನ್ನು ನೋಡಿಕೊಂಡು ಬರೆದಿದ್ದರೆ ಹುಲಿಯ ಉಪಯೋಗಗಳು ಐದು, ದುರುಪಯೋಗಗಳು ಐದು ಆಗುತ್ತಿದ್ದವು.

ಈ ಮಾತನ್ನೆಲ್ಲ ನನ್ನ ಸಹೋದ್ಯೋಗಿಯೊಬ್ಬರ ಮುಂದೆ ಆಡಿದೆ. ಅವರು ನನಗಿಂತ ಹಳ್ಳಿಯ ಕಡೆಯಿಂದ ಬಂದವರು. ‘ಸ್ವಾಮಿ, ಲಲಿತಪ್ರಬಂಧ ಆರಾಮಕುರ್ಚಿ ಇದ್ದವರ ಸೊತ್ತು. ನಮ್ಮ ಮನೆಯಲ್ಲಿ ಪುಸ್ತಕ ಅಂತ ಇದ್ದದ್ದು ಒಂದು ಪಂಚಾಂಗ. ಪೀಠಿಕೆ ಉಪಸಂಹಾರ ಅಂತ ಮೇಷ್ಟ್ರು ಒಂದು ಚೌಕಟ್ಟು ಕೊಡದೇ ಇದ್ದಿದ್ದರೆ ನಾನು ಖಾಲಿ ಹಾಳೆ ಕೊಟ್ಟು ಬರುತ್ತಿದ್ದೆ’ ಎಂದರು. ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗನಿಗೆ ಚೌಕಟ್ಟು ಊರುಗೋಲಾಗುತ್ತದೆ, ನಿಜ. ಆದರೆ ಆರಾಮಕುರ್ಚಿ ಇಲ್ಲದವರೂ ಕಂಡದ್ದನ್ನು ಬರೆದಿದ್ದಾರೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಬಾಲಕನೊಬ್ಬ ಎತ್ತುಗಳಿಗೆ ಬದಲಾಗಿ ಇಬ್ಬರು ಮನುಷ್ಯರು ನೊಗ ಹೊತ್ತದ್ದನ್ನು ನೋಡುತ್ತಾನೆ, ಅವರಲ್ಲಿ ಒಬ್ಬ ಅವನ ತಂದೆ. ನೇಗಿಲಿನ ಮಹತ್ವ ಎಂಬ ಪ್ರಬಂಧದ ಯಾವ ಭಾಗದಲ್ಲಿ ಇದನ್ನು ಸೇರಿಸೋಣ? ಹೀಗೆ ಕೇಳಿದಾಗ ಸಹೋದ್ಯೋಗಿಗಳು ಸುಮ್ಮನಾದರು. ನಾನು ಗೆದ್ದೆನೆಂದಲ್ಲ, ಅಷ್ಟರಲ್ಲಿ ಗಂಟೆ ಹೊಡೆಯಿತು.

ಇಷ್ಟೆಲ್ಲ ಹೇಳುವುದಕ್ಕೆ ನನಗೇನು ಅಧಿಕಾರ ಎಂಬುದನ್ನೂ ಹೇಳಿಬಿಡಬೇಕು. 2020ರ ಮಾರ್ಚಿನಲ್ಲಿ ಕೊರೋನಾದಿಂದ ಕಾಲೇಜು ಮುಚ್ಚಿದ ಮೇಲೆ ನಾವೆಲ್ಲ ಪಾಠಗಳನ್ನು ಧ್ವನಿಮುದ್ರಿಸಿ ಮಕ್ಕಳ ಮೊಬೈಲಿಗೆ ಕಳಿಸುತ್ತಿದ್ದೆವು. ನಾನು ರಾಘವಾಂಕನ ಹರಿಶ್ಚಂದ್ರ ಕಾವ್ಯದ ಭಾಗವನ್ನು ಓದಿ ಕಳಿಸಿದ್ದೆ. ಕಾಲೇಜು ಮತ್ತೆ ತೆರೆದಾಗ ಆಂತರಿಕ ಪರೀಕ್ಷೆಗೆ ಪ್ರಬಂಧದ ವಿಷಯ ಕೊಟ್ಟೆ: ಮೊಬೈಲು ವರವೋ ಶಾಪವೋ. ಒಬ್ಬ ಹುಡುಗಿ ಪೀಠಿಕೆಯಿಲ್ಲದೆ ನೇರವಾಗಿ ಹೀಗೆ ಬರೆದಿದ್ದಳು: ಮನೆಗೆಲ್ಲ ಒಂದೇ ಫೋನು, ಅದು ಲಾರಿ ಓಡಿಸುವ ಅಪ್ಪನದು, ರಾತ್ರಿ ಒಂಬತ್ತಕ್ಕೆ ಮನೆಗೆ ಬರುತ್ತದೆ, ಮೊದಲು ತಮ್ಮನ ಗಣಿತ, ಆಮೇಲೆ ತನ್ನ ಸರದಿ. ಚಾರ್ಜಿಗೆ ಹಾಕಿದ ವೈರು ಗಿಡ್ಡವಾದ್ದರಿಂದ ಒಲೆಯ ಪಕ್ಕದಲ್ಲೇ ಕೂರಬೇಕು. ಆದ್ದರಿಂದ ಅಜ್ಜಿಯೂ ಪಾಠ ಕೇಳುತ್ತಾಳೆ. ಅಜ್ಜಿ ಊರ ನಾಟಕದಲ್ಲಿ ಹರಿಶ್ಚಂದ್ರನನ್ನು ಹಲವು ಸಲ ನೋಡಿದವಳು. ಪಾಠ ಕೇಳಿ, ‘ಈ ಮೇಷ್ಟ್ರು ಉಸ್ರೇ ತಗಳಂಗಿಲ್ಲ ಕಣವ್ವ. ಚಂದ್ರಮತಿ ಅಳೋ ತಾವಾದ್ರೂ ವಸಿ ನಿಲ್ಲಬಾರ್ದಾ?’ ಎಂದಳಂತೆ. ಆಮೇಲೆ ಆ ಅಳುವನ್ನು ತಾನೇ ಹಾಡಿ ತೋರಿಸಿದಳಂತೆ. ಅಷ್ಟು ಹೊತ್ತಿಗೆ ಫೋನು ಆರಿಹೋಗಿತ್ತು. ಪ್ರಬಂಧವೂ ಅಲ್ಲಿಗೆ ಮುಗಿದಿತ್ತು.

ನಾನು ಅದಕ್ಕೆ ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಪೀಠಿಕೆ ಇಲ್ಲ, ಎರಡು ಕಳೆಯಿತು. ಉಪಸಂಹಾರ ಇಲ್ಲ, ಇನ್ನೆರಡು. ದುರುಪಯೋಗಗಳನ್ನು ಚರ್ಚಿಸಿಲ್ಲ, ಮತ್ತೆರಡು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ವಿಷಯಾಂತರ’ ಎಂದೂ ಬರೆದೆ. ನನ್ನ ವಿಷಯವಾಗಿ ಅಜ್ಜಿ ಆಡಿದ ಮಾತಿನಿಂದ ಕೋಪ ಬಂದು ಹಾಗೆ ಮಾಡಿದೆನೆಂದು ಯಾರಾದರೂ ಭಾವಿಸಿದರೆ ನನಗೆ ತುಸು ಸಮಾಧಾನವಾದೀತು. ಕೋಪಕ್ಕಾದರೂ ಒಂದು ಅರ್ಥವಿದೆ. ನನಗೆ ಕೋಪವೂ ಬರಲಿಲ್ಲ. ಕಟ್ಟಿನಲ್ಲಿ ಅರವತ್ತು ಪತ್ರಿಕೆಗಳಿದ್ದವು, ಅದರಲ್ಲಿ ಅದೂ ಒಂದಾಗಿ ಹೋಯಿತು. ಅದು ನೆನಪಾದದ್ದು 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಯಂತ್ರ ಬಂದು ಕೆಲವು ತಿಂಗಳಾದ ಮೇಲೆ. ಕುತೂಹಲಕ್ಕೆಂದು ಅದೇ ವಿಷಯವನ್ನು ಅದಕ್ಕೆ ಕೊಟ್ಟೆ. ಕಣ್ಣು ಮಿಟುಕಿಸುವುದರಲ್ಲಿ ಪೀಠಿಕೆ, ಉಪಯೋಗ, ದುರುಪಯೋಗ, ಉಪಸಂಹಾರ ಎಲ್ಲವೂ ಬಂದವು. ನನ್ನ ಅಂಕಪದ್ಧತಿಯಂತೆ ಅದಕ್ಕೆ ಒಂಬತ್ತು ಕೊಡಲೇಬೇಕಾಗಿತ್ತು. ಈಗ ಅಧ್ಯಾಪಕರ ಕೋಣೆಯಲ್ಲಿ, ಮಕ್ಕಳು ಯಂತ್ರದಿಂದ ಬರೆಸುತ್ತಾರೆ ಎಂಬ ಗೋಳು ದಿನವೂ ಕೇಳುತ್ತದೆ. ಆ ಯಂತ್ರ ಬರುವುದಕ್ಕೆ ಮೊದಲೇ ನಾವು ಮಕ್ಕಳಿಂದ ಬರೆಸುತ್ತಿದ್ದದ್ದು ಏನನ್ನು ಎಂದು ಕೇಳುವ ಧೈರ್ಯ ನನಗೆ ಆ ಕೋಣೆಯಲ್ಲಿ ಬಂದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಈ ಸಲದ ಪರೀಕ್ಷೆಗೆ ವಿಷಯವನ್ನು ಬದಲಾಯಿಸಿದೆ: ನಿಮ್ಮ ಮನೆಗೆ ಹೊಸದಾಗಿ ಬಂದ ಒಂದು ವಸ್ತು. ಅರವತ್ತೆರಡು ಪತ್ರಿಕೆಗಳಲ್ಲಿ ನಲವತ್ತಕ್ಕೂ ಹೆಚ್ಚು ‘ಇಂದಿನ ಆಧುನಿಕ ಯುಗದಲ್ಲಿ’ ಎಂದೇ ಆರಂಭವಾಗಿವೆ. ಉಳಿದವುಗಳಲ್ಲಿ ಒಂದು ಮಿಕ್ಸಿಯನ್ನು ಕುರಿತದ್ದು. ಅದು ಬಂದ ಮೇಲೆ ಒರಳುಕಲ್ಲನ್ನು ಹಿತ್ತಿಲಿಗೆ ಹಾಕಿದ್ದು, ಅದರ ಗುಳಿಯಲ್ಲಿ ಮಳೆನೀರು ನಿಂತು ಈಗ ಗುಬ್ಬಿಗಳು ಕುಡಿಯಲು ಬರುವುದು, ಅಮ್ಮ ಕರೆಂಟು ಹೋದ ದಿನ ಆ ನೀರು ಚೆಲ್ಲಿ ಮತ್ತೆ ರುಬ್ಬಲು ಕೂತದ್ದು. ನಡುವೆ ನಾಲ್ಕು ಕಾಗುಣಿತದ ತಪ್ಪುಗಳಿವೆ. ಮುಗಿತಾಯವಿಲ್ಲ. ವಿಭಾಗದ ಅಂಕಪದ್ಧತಿಯ ಹಾಳೆ ಮಾತ್ರ ಹಳೆಯದೇ. ಪೀಠಿಕೆಗೆ ಎರಡು, ಉಪಸಂಹಾರಕ್ಕೆ ಎರಡು. ಶನಿವಾರದೊಳಗೆ ಅಂಕಪಟ್ಟಿ ಒಪ್ಪಿಸಬೇಕಾಗಿದೆ. ಪತ್ರಿಕೆಯನ್ನು ಕಟ್ಟಿನಿಂದ ತೆಗೆದು ಬೇರೆ ಇಟ್ಟಿದ್ದೇನೆ.